ಹಳೇ ಗೇಮಿಂಗ್ ಪಿಸಿ ಬಿಸಾಕುವ ಮೊದಲು ಒಮ್ಮೆ ಮುಚ್ಚಳ ತೆಗೆಯಿರಿ

ಎರಡು ವರ್ಷದ ಹಿಂದೆ ನಾನೊಂದು ದಡ್ಡ ಕೆಲಸ ಮಾಡಿದೆ. ನನ್ನ ಪಿಸಿ 2017ರದ್ದು. ರೈಜೆನ್ 5 1600 ಪ್ರೊಸೆಸರ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು. ಗೇಮ್ ಶುರುವಾಗಿ ಹತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು, ಆಮೇಲೆ ತಡವರಿಸೋಕೆ ಶುರು. ಕಾರ್ಡು ಹಳತಾಯ್ತು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಹೊಸ ಕಾರ್ಡು ತಂದು ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ಕಥೆ.

ಕಾರ್ಡಿನದ್ದು ತಪ್ಪೇ ಇರಲಿಲ್ಲ. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿ ನೋಡಿದರೆ, ಅದರ ಕೆಳಗೆ ಹೀಟ್‌ಸಿಂಕಿನ ಮೇಲೆ ಧೂಳು ಹಳೇ ಕಂಬಳಿ ತುಂಡಿನ ಹಾಗೆ ಹೆಣೆದುಕೊಂಡಿತ್ತು. ಉಗುರಿನಿಂದ ಎತ್ತಿದೆ, ಒಂದೇ ಹಾಳೆಯಾಗಿ ಎದ್ದು ಬಂತು. ಗಾಳಿ ನುಸುಳೋಕೆ ಜಾಗವೇ ಇರಲಿಲ್ಲ. ಆ ಹತ್ತು ನಿಮಿಷದ ಲೆಕ್ಕ ಆಗ ತಿಳಿಯಿತು: ಅಷ್ಟು ಹೊತ್ತು ಹೀಟ್‌ಸಿಂಕಿನ ಲೋಹ ಬಿಸಿಯನ್ನು ಕುಡಿದುಕೊಂಡು ಇರುತ್ತಿತ್ತು, ಅದು ತುಂಬಿದ ಮೇಲೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತಿತ್ತು.

ಅವತ್ತಿಂದ ಯಾರಾದರೂ ಪಿಸಿ ಹಳತಾಯ್ತು ಅಂದರೆ ನನ್ನದು ಒಂದೇ ಮಾತು. ಮೊದಲು ಅಳೆಯಿರಿ, ಆಮೇಲೆ ಸ್ವಚ್ಛ ಮಾಡಿ, ಆಮೇಲೆ ಸೆಟ್ಟಿಂಗ್ ನೋಡಿ. ದುಡ್ಡು ಬಿಚ್ಚೋದು ಕೊನೆಗೆ. ಈ ಬರಹವೂ ಅದೇ ಸಾಲಿನಲ್ಲಿ ಹೋಗುತ್ತದೆ.

ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಪತ್ತೆ ಮಾಡಿ

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ. ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ, ಗೇಮ್ ಆಡುವಾಗ ಪರದೆಯ ಮೂಲೆಯಲ್ಲಿ ಅಂಕಿಗಳನ್ನು ತೋರಿಸುತ್ತದೆ. ಇನ್ನೂ ವಿವರ ಬೇಕಿದ್ದರೆ ಎಚ್‌ಡಬ್ಲ್ಯುಇನ್ಫೋ. ಎರಡೂ ಪುಕ್ಕಟೆ. ಕಾರ್ಡಿನ ಬಳಕೆ, ಕಾರ್ಡಿನ ಬಿಸಿ, ಪ್ರೊಸೆಸರ್‌ನ ಬಿಸಿ ಮತ್ತು ವೇಗ, ವಿಡಿಯೋ ಮೆಮೊರಿ, ರ‍್ಯಾಮ್, ಇಷ್ಟನ್ನು ಆನ್ ಮಾಡಿ, ಗೇಮಿನಲ್ಲಿ ಯಾವ ಜಾಗ ಜಾಸ್ತಿ ಕಾಟ ಕೊಡುತ್ತದೋ ಅಲ್ಲಿ ಅರ್ಧ ಗಂಟೆ ಆಡಿ. ಐದು ನಿಮಿಷ ಆಡಿ ಬಿಟ್ಟರೆ ಬಿಸಿಯ ತೊಂದರೆ ಕಾಣೋದೇ ಇಲ್ಲ.

ಈಗ ಅಂಕಿ ಓದೋಣ. ಕಾರ್ಡಿನ ಬಳಕೆ ಶೇಕಡ 95ರ ಮೇಲೇ ನಿಂತಿದ್ದರೆ ಕಾರ್ಡು ಕೈಲಾದಷ್ಟು ದುಡಿಯುತ್ತಿದೆ, ಮಿತಿ ಅಲ್ಲಿದೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಕಡಿಮೆ ಇದ್ದೂ ಕಾರ್ಡು ಶೇಕಡ 60ರಲ್ಲಿ ಆರಾಮಾಗಿ ಕೂತಿದ್ದರೆ ಅದು ಪ್ರೊಸೆಸರ್‌ಗಾಗಿ ಕಾಯುತ್ತಿದೆ. ಇಲ್ಲಿ ಜನ ಮೋಸ ಹೋಗೋದು ಒಂದು ಕಡೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಬಳಕೆ ಶೇಕಡ 40 ಅಂತ ಇರುತ್ತದೆ, ಅಯ್ಯೋ ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆಯಲ್ಲ ಅನ್ನಿಸುತ್ತದೆ. ಆದರೆ ತುಂಬಾ ಗೇಮ್‌ಗಳು ಒಂದೆರಡು ಕೋರ್‌ಗಳ ಮೇಲೇ ಭಾರ ಹಾಕುತ್ತವೆ. ಉಳಿದವು ಸುಮ್ನೆ ಕೂತಿದ್ದರೂ ಆ ಒಂದು ಕೋರ್ ಏದುಸಿರು ಬಿಡುತ್ತಿರುತ್ತದೆ. ಒಟ್ಟು ಬಳಕೆ ನೋಡಬೇಡಿ, ಒಂದೊಂದು ಕೋರಿನದ್ದೂ ನೋಡಿ.

ಅನುಮಾನ ಇದ್ದರೆ ಸುಲಭದ ಪರೀಕ್ಷೆ ಒಂದಿದೆ. ಗೇಮಿನ ರೆಸಲ್ಯೂಷನ್ 1080ಪಿ ಯಿಂದ 720ಪಿ ಗೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ಮಿತಿ ಕಾರ್ಡಿನದ್ದು. ಅಲ್ಲೇ ನಿಂತರೆ ಪ್ರೊಸೆಸರ್ ಅಥವಾ ರ‍್ಯಾಮ್.

ಬಿಸಿ ಹೆಚ್ಚಿ ವೇಗ ಕುಸಿಯುತ್ತಿದ್ದರೆ ಅದು ಥ್ರಾಟ್ಲಿಂಗ್. ಡೆಸ್ಕ್‌ಟಾಪ್ ಇಂಟೆಲ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಹತ್ತಿರ, ನನ್ನ 1600 ಥರದ ಹಳೇ ರೈಜೆನ್‌ಗಳು 95ರ ಹತ್ತಿರ ಕೈ ಎತ್ತುತ್ತವೆ. ಜಿಟಿಎಕ್ಸ್ 1060 ಥರದ ಕಾರ್ಡು 83 ಡಿಗ್ರಿ ಬಂದಾಗಲೇ ನಿಧಾನಕ್ಕೆ ವೇಗ ಇಳಿಸೋಕೆ ಶುರು ಮಾಡುತ್ತದೆ. ಹೊಸ ಜಾಗಕ್ಕೆ ಕಾಲಿಟ್ಟಾಗ ಮಾತ್ರ ಗೇಮ್ ನಿಂತು ನಿಂತು ಹೋದರೆ, ಆಗ ಡಿಸ್ಕ್ ಬಳಕೆ ಶೇಕಡ 100 ಇದ್ದರೆ, ತಪ್ಪಿತಸ್ಥ ಹಾರ್ಡ್ ಡಿಸ್ಕ್. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು, ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ಹಾಕಿ 60ಕ್ಕೆ ಕಟ್ಟಿಹಾಕಿ, ಕಾರ್ಡು ಶೇಕಡ 60ರಲ್ಲಿದೆ ಅಂತ ಗಾಬರಿಯಾಗಬೇಡಿ. ನೀವು ಕೇಳಿದ್ದನ್ನು ಅದು ಕೊಡುತ್ತಿದೆ ಅಷ್ಟೇ.

ಧೂಳು, ಪೇಸ್ಟ್

ಪಿಸಿ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಹೋಗುತ್ತದೆ. ಕೆಲಸ ಮನೆ ಹೊರಗೆ ಮಾಡಿ. ನಾನು ಮೊದಲ ಸಲ ರೂಮಿನೊಳಗೇ ಬ್ಲೋವರ್ ಹಾಕಿ ಮಂಚ, ಪುಸ್ತಕ ಎಲ್ಲ ಬೂದಿ ಬಳಿದ ಹಾಗೆ ಮಾಡಿದ್ದೆ.

ಮೆತ್ತನೆ ಪೇಂಟ್ ಬ್ರಷ್ ಒಂದು, ಗಾಳಿ ಊದುವ ಸಾಧನ ಒಂದು ಸಾಕು. ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಬೋರ್ಡಿನ ಹತ್ತಿರ ತರಬೇಡಿ, ಅದರಿಂದ ಸ್ಟ್ಯಾಟಿಕ್ ಹುಟ್ಟುತ್ತದೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಿರ್ರನೆ ತಿರುಗೋದನ್ನು ನೋಡೋಕೆ ಮಜಾ ಇರುತ್ತದೆ, ಆದರೆ ಅದರ ಬೇರಿಂಗ್ ಅಷ್ಟು ವೇಗಕ್ಕೆ ಮಾಡಿದ್ದಲ್ಲ.

ಎಲ್ಲಕ್ಕಿಂತ ಮುಖ್ಯ, ಪ್ರೊಸೆಸರ್ ಮೇಲಿನ ಫ್ಯಾನನ್ನು ಹೀಟ್‌ಸಿಂಕಿನಿಂದ ಬಿಚ್ಚಿ. ಮೇಲಿಂದ ನೋಡಿದರೆ ಫ್ಯಾನ್ ಶುದ್ಧವಾಗಿಯೇ ಕಾಣುತ್ತದೆ, ಕಂಬಳಿ ಇರೋದು ಕೆಳಗೆ. ಗ್ರಾಫಿಕ್ಸ್ ಕಾರ್ಡಿಗೂ ಅದೇ ಮಾತು, ಅದರ ಫ್ಯಾನುಗಳ ಹಿಂದಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕ್ಯಾಬಿನೆಟ್ಟಿನ ಫಿಲ್ಟರ್‌ಗಳನ್ನು ನಲ್ಲಿ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಹಾಕಿ. ಎಸ್‌ಎಂಪಿಎಸ್‌ಗೆ, ಅಂದರೆ ಪಿಸಿಗೆ ಕರೆಂಟ್ ಕೊಡುವ ಡಬ್ಬಿಗೆ, ಹೊರಗಿಂದ ಮಾತ್ರ ಊದಿ. ಅದರ ಡಬ್ಬಿ ಬಿಚ್ಚಲೇಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ಕರೆಂಟ್ ಉಳಿದಿರಬಹುದು. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ಫ್ಯಾನ್ ವಾಪಸ್ ಹಾಕುವಾಗ ದಿಕ್ಕು ನೋಡಿಕೊಳ್ಳಿ. ಫ್ಯಾನಿನ ಒಂದು ಬದಿ ತೆರೆದಿರುತ್ತದೆ, ಇನ್ನೊಂದು ಬದಿಯಲ್ಲಿ ಮೋಟರನ್ನು ಹಿಡಿದಿರುವ ಕಡ್ಡಿಗಳು ಇರುತ್ತವೆ. ಗಾಳಿ ಕಡ್ಡಿ ಇರುವ ಕಡೆಯಿಂದ ಹೊರಗೆ ಬರುತ್ತದೆ. ಮುಂದಿನಿಂದ ಒಳಗೆ, ಹಿಂದೆ ಮತ್ತು ಮೇಲಿನಿಂದ ಹೊರಗೆ. ಇಷ್ಟಿದ್ದರೆ ಸಾಕು.

ಧೂಳು ಹೋದ ಮೇಲೂ ಬಿಸಿ ಇಳಿಯಲಿಲ್ಲ ಅಂದರೆ ಪ್ರೊಸೆಸರ್‌ನಿಂದ ಹೀಟ್‌ಸಿಂಕಿಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ನೋಡಬೇಕು. ಐದಾರು ವರ್ಷ ಮುಟ್ಟದ ಪೇಸ್ಟ್ ಒಣಗಿ ಗೋಡೆಯ ಸುಣ್ಣದ ಹಾಗೆ ಪುಡಿಪುಡಿ ಆಗಿರಬಹುದು. ನನ್ನದು ಹಾಗೇ ಆಗಿತ್ತು.

ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜೆನ್ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಆ ಪ್ರೊಸೆಸರ್‌ನ ಪಿನ್ನುಗಳು ಪ್ರೊಸೆಸರ್‌ನ ಅಡಿಯಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದುಕೊಂಡಿರುತ್ತದೆ. ಕೂಲರನ್ನು (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿ) ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಜೊತೆಗೇ ಕಿತ್ತುಕೊಂಡು ಬರುತ್ತದೆ, ಪಿನ್ನು ಬಾಗುತ್ತವೆ. ಹಾಗಾಗಿ ಮೊದಲು ಹತ್ತು ಹದಿನೈದು ನಿಮಿಷ ಗೇಮ್ ಆಡಿ ಪೇಸ್ಟ್ ಬೆಚ್ಚಗಾಗಲಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚುತ್ತಾ ತಿರುಚುತ್ತಾ ಸಡಿಲ ಮಾಡಿ ಎತ್ತಿ. ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ. ಇಂಟೆಲ್‌ನಲ್ಲಿ ಪಿನ್ನುಗಳು ಬೋರ್ಡಿನ ಸಾಕೆಟ್ಟಿನಲ್ಲಿ ಇರೋದರಿಂದ ಈ ಭಯ ಇಲ್ಲ, ಆದರೆ ಸಾಕೆಟ್ ತೆರೆದು ಒಳಗೆ ಬೆರಳು ಹಾಕಬೇಡಿ.

ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಒರೆಸಿ, ಪ್ರೊಸೆಸರ್ ಕನ್ನಡಿಯ ಹಾಗೆ ಹೊಳೆಯಬೇಕು. ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಕೂಲರ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಒಂದೆರಡು ಸುತ್ತಿನಂತೆ ಬಿಗಿ ಮಾಡುತ್ತಾ ಬನ್ನಿ. ಒಂದೇ ಕಡೆ ಪೂರ್ತಿ ಬಿಗಿದರೆ ಕೂಲರ್ ವಾಲುತ್ತದೆ. ಆಮೇಲೆ ಫ್ಯಾನಿನ ವೈರನ್ನು ಬೋರ್ಡಿಗೆ ಚುಚ್ಚಿ! ನಾನು ಮರೆತಿದ್ದೆ. ಪಿಸಿ ಆನ್ ಆಗಿ ಫ್ಯಾನ್ ಇಲ್ಲ ಅಂತ ಬೈದ ಮೇಲೆ ನೆನಪಾಯಿತು.

ನನ್ನ ಪ್ರೊಸೆಸರ್ 95ರಿಂದ 72 ಡಿಗ್ರಿಗೆ ಇಳಿಯಿತು. ಖರ್ಚಾಗಿದ್ದು ಒಂದು ಟ್ಯೂಬ್ ಪೇಸ್ಟ್.

ಗ್ರಾಫಿಕ್ಸ್ ಕಾರ್ಡನ್ನೂ ಬಿಚ್ಚಬಹುದು, ಆದರೆ ನಾನು ಸುಮ್ಮಸುಮ್ಮನೆ ಬಿಚ್ಚಿ ಅನ್ನೋದಿಲ್ಲ. ಅದರ ಮೆಮೊರಿ ಚಿಪ್ಪುಗಳ ಮೇಲೆ ಥರ್ಮಲ್ ಪ್ಯಾಡ್ ಇರುತ್ತದೆ, ಬಿಚ್ಚುವಾಗ ಹರಿದುಹೋಗುತ್ತದೆ, ಅಷ್ಟೇ ದಪ್ಪದ್ದು ಹುಡುಕಿ ಹಾಕಬೇಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಮುಖ್ಯ ಚಿಪ್ಪಿಗೆ ತಾಗುವುದೇ ಇಲ್ಲ. ಧೂಳು ತೆಗೆದ ಮೇಲೂ ಕಾರ್ಡು ಕುದಿಯುತ್ತಿದ್ದರೆ ಮಾತ್ರ ಆ ಕೆಲಸಕ್ಕೆ ಕೈ ಹಾಕಿ.

ಪೆಟ್ಟಿಗೆ ತೆರೆದಿರುವಾಗಲೇ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಿಸಿಬಿಡಿ. ಸಿಆರ್2032, 3 ವೋಲ್ಟಿನದ್ದು. ಅದು ಸತ್ತರೆ ಗಡಿಯಾರ ತಪ್ಪುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಜೊತೆಗೆ ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಸೆಟ್ಟಿಂಗುಗಳೂ ಅಳಿಸಿಹೋಗಬಹುದು, ಆಗ ರ‍್ಯಾಮಿನ ವೇಗ ಸದ್ದಿಲ್ಲದೆ ಇಳಿದಿರುತ್ತದೆ. ಪಿಸಿ ಯಾಕೋ ಮಂಕಾಗಿದೆ ಅನ್ನಿಸುತ್ತದೆ, ಕಾರಣ ಮಾತ್ರ ಸಿಗೋದಿಲ್ಲ.

ಪುಕ್ಕಟೆ ಸಿಗುವ ವೇಗ

ರ‍್ಯಾಮಿನ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಡಿಡಿಆರ್4 ಕಡ್ಡಿಯ ಮೇಲೆ 3200 ಅಂತ ಬರೆದಿದ್ದರೂ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅದು ಸಾಮಾನ್ಯವಾಗಿ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಈಗಿನ ವೇಗ ಕಾಣುತ್ತದೆ, ಹೋಗಿ ನೋಡಿ. ವರ್ಷಗಟ್ಟಲೆ ಹೀಗೇ ಆಡಿದವರು ಬೇಕಾದಷ್ಟು ಜನ ಇದ್ದಾರೆ. ರೈಜೆನ್‌ನಲ್ಲಿ ಇದರ ಪೆಟ್ಟು ಇನ್ನೂ ಜೋರು, ಯಾಕೆಂದರೆ ಪ್ರೊಸೆಸರ್‌ನ ಒಳಗಿನ ಸಂಪರ್ಕದ ವೇಗವೂ ರ‍್ಯಾಮಿನ ವೇಗಕ್ಕೆ ಜೋಡಿಸಿಕೊಂಡಿರುತ್ತದೆ. ಮೊದಲ ತಲೆಮಾರಿನ ರೈಜೆನ್‌ಗಳು 3200ಕ್ಕೆ ಒಗ್ಗದೆ ಇರಬಹುದು. ಪಿಸಿ ಆನ್ ಆಗದೆ ಹಠ ಮಾಡಿದರೆ 2933 ಹಾಕಿ ನೋಡಿ.

ಎರಡು ಕಡ್ಡಿ ಇದ್ದು ನಾಲ್ಕು ಸ್ಲಾಟ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ. ಬಹುಪಾಲು ಬೋರ್ಡುಗಳಲ್ಲಿ ಹಾಗೇ. ಪಕ್ಕಪಕ್ಕ ಹಾಕಿದರೆ ಡ್ಯುಯಲ್ ಚಾನಲ್ (ಎರಡೂ ಕಡ್ಡಿ ಒಟ್ಟಿಗೆ ದುಡಿಯೋದು) ಸಿಗದೆ ಹೋಗಬಹುದು. ಒಂದೇ ದೊಡ್ಡ ಕಡ್ಡಿ ಇರೋದಕ್ಕಿಂತ ಎರಡು ಸಣ್ಣವು ಮೇಲು.

ಮಾನಿಟರ್ ವೈರ್ ಕಾರ್ಡಿಗೇ ಚುಚ್ಚಿದೆಯಾ ಅಂತ ನೋಡಿ, ಬೋರ್ಡಿಗಲ್ಲ. 144 ಹರ್ಟ್ಸ್ ಮಾನಿಟರ್ ವಿಂಡೋಸ್‌ನಲ್ಲಿ 60ಕ್ಕೆ ನಿಂತಿದೆಯಾ ನೋಡಿ. ನಗಬೇಡಿ, ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಬಂದ್ ಮಾಡಿ. ಗೇಮ್ ಆಡುವಾಗ ಬ್ರೌಸರ್ ಮುಚ್ಚಿ. ರ‍್ಯಾಮ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಅಂತ ಬರುವ ತಂತ್ರಾಂಶಗಳ ಹತ್ತಿರವೂ ಹೋಗಬೇಡಿ. ಪಿಸಿಯನ್ನು ಹಗುರ ಮಾಡ್ತೀವಿ ಅಂತ ಹೇಳಿಕೊಂಡು ಬಂದು ತಾವೇ ಒಳಗೆ ಬೀಡುಬಿಡುತ್ತವೆ.

ಡ್ರೈವರ್ ವಿಷಯ ಗೊತ್ತಿರಲಿ. ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಹೊಸ ಗೇಮ್‌ಗಳಿಗೆ ಹದ ಮಾಡಿದ ಡ್ರೈವರ್ ಕೊಡೋದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಭದ್ರತೆಯ ಅಪ್‌ಡೇಟ್‌ಗಳು ಮೂರು ತಿಂಗಳಿಗೊಮ್ಮೆಯಂತೆ 2028ರ ಅಕ್ಟೋಬರ್‌ವರೆಗೆ ಬರುತ್ತವೆ. ಅಂದರೆ ಕಾರ್ಡು ಸತ್ತಿಲ್ಲ, ಈಗ ಓಡುವ ಗೇಮ್‌ಗಳು ಓಡುತ್ತಲೇ ಇರುತ್ತವೆ. ಒಂದು ಕಂಪನಿಯ ಕಾರ್ಡಿನಿಂದ ಇನ್ನೊಂದು ಕಂಪನಿಯದ್ದಕ್ಕೆ ಹೋಗುವಾಗ ಮಾತ್ರ ಹಳೇ ಡ್ರೈವರನ್ನು ಡಿಡಿಯು ಅನ್ನುವ ತಂತ್ರಾಂಶ ಬಳಸಿ ಸೇಫ್ ಮೋಡ್‌ನಲ್ಲಿ ಬೇರು ಸಮೇತ ಕಿತ್ತುಹಾಕಿ.

ಈಗ ನನಗೆ ಇಷ್ಟವಾದ ಕೆಲಸ, ಅಂಡರ್‌ವೋಲ್ಟಿಂಗ್, ಅಂದರೆ ಕಾರ್ಡಿನ ವೋಲ್ಟೇಜ್ ಇಳಿಸೋದು. ಎಲ್ಲ ಕಾರ್ಡೂ ಸರಿಯಾಗಿ ಓಡಲಿ ಅಂತ ಕಂಪನಿಯವರು ವೋಲ್ಟೇಜನ್ನು ಸ್ವಲ್ಪ ಜಾಸ್ತಿಯೇ ಇಟ್ಟಿರುತ್ತಾರೆ. ನಿಮ್ಮ ಕಾರ್ಡಿಗೆ ಅಷ್ಟು ಬೇಕಾಗಿರೋದಿಲ್ಲ. ನನ್ನ ಹಳೇ 1060 ಈಗ ತಮ್ಮನ ಪಿಸಿಯಲ್ಲಿದೆ. ಅದು 1.05 ವೋಲ್ಟ್ ಹತ್ತಿರ ಓಡುತ್ತಿತ್ತು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆಯ ಚಿತ್ರ ತೆರೆಯುತ್ತದೆ. ಅದರಲ್ಲಿ 0.95 ವೋಲ್ಟಿನ ಚುಕ್ಕಿಯನ್ನು 1850 ಮೆಗಾಹರ್ಟ್ಸ್‌ವರೆಗೆ ಎತ್ತಿ, ಬಲಕ್ಕಿರುವ ಚುಕ್ಕಿಗಳೆಲ್ಲ ಅದಕ್ಕಿಂತ ಮೇಲೆ ಹೋಗದಂತೆ ಇಳಿಸಿ, ಅಪ್ಲೈ ಒತ್ತಿದೆ. ಒಂದು ಗಂಟೆ ಭಾರದ ಗೇಮ್ ಆಡಿಸಿದೆ. ಬಿಸಿ ಏಳೆಂಟು ಡಿಗ್ರಿ ಇಳಿಯಿತು, ಫ್ಯಾನಿನ ಗಲಾಟೆ ಕಡಿಮೆಯಾಯಿತು, ಎಫ್‌ಪಿಎಸ್ ಅಲ್ಲೇ ಇತ್ತು. ನಿಮ್ಮ ಕಾರ್ಡಿನ ಅಂಕಿ ಬೇರೆ ಇರಬಹುದು, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಿ. ಗೇಮ್ ಕ್ರ್ಯಾಶ್ ಆದರೆ ಒಂದು ಮೆಟ್ಟಿಲು ವಾಪಸ್ ಬನ್ನಿ. ಎರಡು ದಿನ ಗಟ್ಟಿ ನಿಂತ ಮೇಲೆ ಮಾತ್ರ ವಿಂಡೋಸ್ ಜೊತೆ ತಾನೇ ಶುರುವಾಗುವಂತೆ ಇಡಿ.

ಎಫ್‌ಪಿಎಸ್‌ಗೆ ಒಂದು ಮಿತಿಯನ್ನೂ ಹಾಕಿ. 48ರಿಂದ 75ಕ್ಕೆ ಹಾರಾಡುವ ಗೇಮ್‌ಗಿಂತ 50ಕ್ಕೆ ಕಟ್ಟಿಹಾಕಿದ ಗೇಮ್ ಕಣ್ಣಿಗೆ ಹಿತ, ಅದರಲ್ಲೂ ಫ್ರೀಸಿಂಕ್ (ಮಾನಿಟರ್ ತಾನೇ ಗೇಮಿನ ಎಫ್‌ಪಿಎಸ್‌ಗೆ ಹೊಂದಿಕೊಳ್ಳೋದು) ಥರದ್ದು ಇರುವ ಮಾನಿಟರ್‌ನಲ್ಲಿ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 30 ಅಂದರೆ 33.3. ಇವೆರಡರ ಸರಿಯಾಗಿ ನಡುವೆ ಇರೋದು 45 ಅಲ್ಲ, 40, ಅಂದರೆ 25 ಮಿಲಿಸೆಕೆಂಡ್. ಹಾಗಾಗಿ 120 ಹರ್ಟ್ಸ್ ಮಾನಿಟರ್ ಇದ್ದು 60 ಎಟುಕದಿದ್ದರೆ 40ಕ್ಕೆ ಕಟ್ಟಿ ನೋಡಿ. 120ನ್ನು 40 ಸಮನಾಗಿ ಭಾಗಿಸುತ್ತದೆ, ಅಂದುಕೊಂಡಿದ್ದಕ್ಕಿಂತ ನಯವಾಗಿ ಓಡುತ್ತದೆ.

ಗೇಮ್ ಒಳಗಿನ ಸೆಟ್ಟಿಂಗ್

ಎಲ್ಲವನ್ನೂ ಲೋ ಮಾಡಿ ಆಡೋದು ಸೋಮಾರಿತನ. ಟೆಕ್ಸ್ಚರ್ ಗುಣಮಟ್ಟ ತಿನ್ನೋದು ಮುಖ್ಯವಾಗಿ ವಿಡಿಯೋ ಮೆಮೊರಿಯನ್ನು. ಜಾಗ ಇದ್ದರೆ ಹೈ ಇಡಿ, ವೇಗ ಅಷ್ಟೇನೂ ಇಳಿಯೋದಿಲ್ಲ. ಜಾಗ ಮೀರಿದರೆ ಮಾತ್ರ ಕಾರ್ಡು ರ‍್ಯಾಮಿಗೆ ಓಡಾಡಬೇಕಾಗುತ್ತದೆ, ಆಗ ತಡವರಿಕೆ. ನೆರಳು, ಮಂಜು ಮತ್ತು ಹೊಗೆ, ಪ್ರತಿಬಿಂಬ, ಆಂಬಿಯೆಂಟ್ ಅಕ್ಲೂಷನ್ (ಮೂಲೆ ಸಂದಿಗಳ ಮಬ್ಬು ನೆರಳು), ಇವು ಕಾರ್ಡನ್ನು ಹಿಂಡುತ್ತವೆ. ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದರೆ ಆಡುವಾಗ ವ್ಯತ್ಯಾಸ ಕಾಣಿಸೋದು ಕಷ್ಟ. ಜನಸಂದಣಿ, ಎಷ್ಟು ದೂರದವರೆಗೆ ಕಾಣಬೇಕು ಅನ್ನೋದು ಪ್ರೊಸೆಸರ್ ಮೇಲೆ ಕೂರುತ್ತವೆ. ನಿಮ್ಮ ಮಿತಿ ಎಲ್ಲಿದೆ ಅಂತ ಮೊದಲೇ ಅಳೆದಿದ್ದೀರಲ್ಲ, ಅದರ ಪ್ರಕಾರ ಕೈಯಾಡಿಸಿ.

ನಾನು ಮಾಡೋದು ಹೀಗೆ. ಗೇಮಿನ ಗಿಜಿಗುಡುವ ಒಂದು ಜಾಗದಲ್ಲಿ ಸೇವ್ ಮಾಡಿಕೊಂಡು ಅಲ್ಲಾಡದೆ ನಿಲ್ಲುತ್ತೇನೆ. ಎಲ್ಲ ಹೈ. ಒಂದೊಂದನ್ನೇ ಇಳಿಸಿ ಎಫ್‌ಪಿಎಸ್ ಬರೆದುಕೊಳ್ಳುತ್ತೇನೆ. ಎರಡು ಫ್ರೇಮ್ ಕೂಡ ಕೊಡದ ಸೆಟ್ಟಿಂಗನ್ನು ವಾಪಸ್ ಏರಿಸುತ್ತೇನೆ. ಇಪ್ಪತ್ತು ನಿಮಿಷದ ಕೆಲಸ.

ಅಷ್ಟಾದರೂ ಸಾಲದಿದ್ದರೆ ಅಪ್‌ಸ್ಕೇಲಿಂಗ್, ಅಂದರೆ ಸಣ್ಣ ಚಿತ್ರ ಬಿಡಿಸಿ ಅದನ್ನು ಪರದೆಗೆ ಹಿಗ್ಗಿಸೋದು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಜಿಟಿಎಕ್ಸ್ ಮತ್ತು ಹಳೇ ರೇಡಿಯಾನ್ ಇರುವವರಿಗೆ ಎಎಂಡಿಯ ಎಫ್‌ಎಸ್‌ಆರ್ 2 ಮತ್ತು 3 ಕೆಲಸ ಮಾಡುತ್ತವೆ. 1080ಪಿ ಯಲ್ಲಿ ಕ್ವಾಲಿಟಿ ಇಟ್ಟರೆ ಗೇಮ್ ಒಳಗೊಳಗೆ 1280×720ರಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಹುಲ್ಲು, ಕೂದಲು ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಫ್ರೇಮ್ ಜನರೇಷನ್ (ನಡುನಡುವೆ ಹುಟ್ಟಿಸಿದ ಫ್ರೇಮ್ ಸೇರಿಸೋದು) ಮಾತ್ರ ಬಡ ಪಿಸಿಯ ಸಂಜೀವಿನಿ ಅಲ್ಲ. ಮೊದಲೇ 60ರ ಹತ್ತಿರ ಇದ್ದರೆ ಚೆಂದ, 30ರಲ್ಲಿ ಹಾಕಿದರೆ ಕಣ್ಣಿಗೆ 60 ಕಂಡರೂ ಮೌಸ್ ಜೇನಿನಲ್ಲಿ ಅದ್ದಿದ ಹಾಗೆ ಎಳೆಯುತ್ತದೆ.

ದುಡ್ಡು ಹಾಕುವುದಾದರೆ

ಗೇಮ್ ಇನ್ನೂ ಹಾರ್ಡ್ ಡಿಸ್ಕ್ ಮೇಲಿದ್ದರೆ ಮೊದಲು ಎಸ್‌ಎಸ್‌ಡಿ. ಇದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಎಸ್‌ಎಸ್‌ಡಿ ಬೇಕೇ ಬೇಕು ಅಂತ ಕೇಳಿತ್ತು, ಆಮೇಲೆ ಬಂದ ಎಷ್ಟೋ ಗೇಮ್‌ಗಳದ್ದೂ ಅದೇ ಬೇಡಿಕೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಪಿಸಿಐಇ 3.0 ಎನ್‌ವಿಎಂಇ 3500ರವರೆಗೆ. ಅಂಕಿ ನೋಡಿ ಮರುಳಾಗಬೇಡಿ. ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಲೋಕವೇ ಬದಲಾದ ಹಾಗಾಗುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಗೇಮ್ ಲೋಡ್ ಆಗೋದರಲ್ಲಿ ಬಹಳ ಸಲ ಕೆಲವೇ ಸೆಕೆಂಡಿನ ಉಳಿತಾಯ. ಹಳೇ ಬೋರ್ಡಿನಲ್ಲಿ ಎಂ.2 ಸ್ಲಾಟ್ (ಎಸ್‌ಎಸ್‌ಡಿಯನ್ನು ನೇರ ಬೋರ್ಡಿಗೇ ಚುಚ್ಚುವ ಜಾಗ) ಇದ್ದರೂ ಅದು ಯಾವ ಥರದ್ದನ್ನು ಒಪ್ಪುತ್ತದೆ ಅಂತ ಕೈಪಿಡಿಯಲ್ಲಿ ನೋಡಿ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಬಂದ್ ಆಗುತ್ತವೆ. ಹಳೇ ಡಿಸ್ಕನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇಂದ ಪರೀಕ್ಷಿಸಿ, ಅದು ಹಳದಿ ಅಥವಾ ಕೆಂಪು ತೋರಿಸಿದರೆ ಅವತ್ತೇ ಫೋಟೋ, ಸೇವ್ ಎಲ್ಲ ಬೇರೆ ಕಡೆ ಇಳಿಸಿಕೊಳ್ಳಿ.

ರ‍್ಯಾಮ್ 8 ಜಿಬಿ ಇದ್ದರೆ 16 ಮಾಡಿ. ಇರುವ ಕಡ್ಡಿಯ ಜೊತೆ ಬೇರೆ ಕಡ್ಡಿ ಸೇರಿಸಿದರೆ ನಿಧಾನದ್ದರ ವೇಗಕ್ಕೇ ಎರಡೂ ಇಳಿಯುತ್ತವೆ, ಕೆಲವೊಮ್ಮೆ ಜಗಳವನ್ನೂ ಆಡುತ್ತವೆ. ಸೇರಿಸಿದ ರಾತ್ರಿ ಮೆಮ್‌ಟೆಸ್ಟ್86 ಹಾಕಿ ಮಲಗಿ.

ಪ್ರೊಸೆಸರ್ ವಿಷಯದಲ್ಲಿ ಎಎಂ4 ಬೋರ್ಡ್ ಇರುವವರು ಪುಣ್ಯವಂತರು. 2017ರ ಬಿ350, ಎಕ್ಸ್370 ಬೋರ್ಡುಗಳಲ್ಲೂ ಎಷ್ಟೋ ಈಗ ಬಯೋಸ್ ಅಪ್‌ಡೇಟ್ ಮಾಡಿದರೆ ರೈಜೆನ್ 5000 ಸರಣಿಯನ್ನು ಒಪ್ಪುತ್ತವೆ. 5600 ಹಾಕಿದರೂ ಸಾಕು. ಗೇಮಿಗೇ ಅಂತ ಬಂದ 5800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಅದು ಸಿಕ್ಕರೆ ಹಳೇ ಬೋರ್ಡಿಗೆ ಎರಡನೇ ಯೌವನ. ಒಂದೇ ಎಚ್ಚರಿಕೆ: ಬೋರ್ಡ್ ತಯಾರಕರ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ, ಹಳೇ ಪ್ರೊಸೆಸರ್ ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಆಮೇಲೆ ಮಾಡೋಣ ಅಂದುಕೊಂಡು ಹೊಸದನ್ನು ಹಾಕಿದರೆ ಪರದೆ ಕಪ್ಪಗೇ ಇರುತ್ತದೆ. ಇಂಟೆಲ್‌ನಲ್ಲಿ ದಾರಿ ಕಿರಿದು. 6 ಮತ್ತು 7ನೇ ತಲೆಮಾರಿನ ಬೋರ್ಡಿನ ಸಾಕೆಟ್ ಹೆಸರು 1151, 8 ಮತ್ತು 9ರದ್ದೂ 1151. ಆದರೆ ಇದರದ್ದು ಅದರಲ್ಲಿ ಓಡೋದಿಲ್ಲ. ಅದೇ ತಲೆಮಾರಿನ ಐ7 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೇ ಕೊನೆ ನಿಲ್ದಾಣ.

ಕಾರ್ಡು ಕೊಳ್ಳುವಾಗ ಉದ್ದ ಅಳೆಯಿರಿ, ಪವರ್ ಕನೆಕ್ಟರ್ ನೋಡಿ, ಅಷ್ಟು ಎಲ್ಲರೂ ಹೇಳುತ್ತಾರೆ. ಹಳೇ ಬೋರ್ಡಿನವರು ಇನ್ನೊಂದನ್ನು ನೋಡಬೇಕು, ಪಿಸಿಐಇ ಲೇನ್, ಅಂದರೆ ಕಾರ್ಡು ಮತ್ತು ಬೋರ್ಡಿನ ನಡುವೆ ಮಾಹಿತಿ ಓಡಾಡುವ ದಾರಿಗಳು. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸೋದು ನಾಲ್ಕೇ ಲೇನ್. ಪಿಸಿಐಇ 4.0 ಬೋರ್ಡಿನಲ್ಲಿ ಅದು ನಡೆಯುತ್ತದೆ. 3.0 ಬೋರ್ಡಿನಲ್ಲಿ ಆ ದಾರಿ ಅರ್ಧಕ್ಕೆ ಇಳಿಯುತ್ತದೆ, 4 ಜಿಬಿ ಮೆಮೊರಿ ತುಂಬಿದಾಗ ಚೆನ್ನಾಗಿಯೇ ಪೆಟ್ಟು ಬೀಳುತ್ತದೆ. ಎಂಟು ಲೇನಿನ ಆರ್‌ಎಕ್ಸ್ 6600 ಥರದ್ದಕ್ಕೆ 3.0 ಬೋರ್ಡಿನಲ್ಲಿ ಅಷ್ಟು ತೊಂದರೆ ಇಲ್ಲ. ಇಂಟೆಲ್ ಆರ್ಕ್ ಬೇಕಿದ್ದರೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಮುಟ್ಟುವ ಸೌಲಭ್ಯ) ಇರಲೇಬೇಕು, ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ. ಇವತ್ತು ಕೊಳ್ಳುವುದಾದರೆ 8 ಜಿಬಿಗಿಂತ ಕಡಿಮೆ ಬೇಡ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕೋದು) ಇಲ್ಲದ ಕಾರ್ಡೂ ಬೇಡ, 2025ರ ಡೂಮ್: ದಿ ಡಾರ್ಕ್ ಏಜಸ್ ಥರದ ಗೇಮ್‌ಗಳಿಗೆ ಅದು ಇಲ್ಲದೆ ಬಾಗಿಲೇ ತೆರೆಯೋದಿಲ್ಲ.

ಎಸ್‌ಎಂಪಿಎಸ್ ಹಳತಾಗಿದ್ದರೆ ಕಾರ್ಡಿನ ಜೊತೆಗೆ ಅದರ ಲೆಕ್ಕವನ್ನೂ ಹಾಕಿ. ಗೇಮ್ ಜೋರಾದಾಗ ನೀಲಿ ಪರದೆ ಕೂಡ ಬರದೆ ಪಿಸಿ ಟಪ್ ಅಂತ ಆರಿಹೋದರೆ ಮೊದಲ ಅನುಮಾನ ಅದರ ಮೇಲೇ. ಬದಲಿಸುವಾಗ ಹಳೇ ಮಾಡ್ಯುಲರ್ ಕೇಬಲ್‌ಗಳನ್ನು ಹೊಸದಕ್ಕೆ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ವೈರ್ ಜೋಡಣೆ ಬೇರೆ ಇರಬಹುದು, ಡಿಸ್ಕುಗಳು ಸುಟ್ಟುಹೋಗುತ್ತವೆ.

ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬೇಕು ಅನ್ನುವ ಸ್ಥಿತಿ ಬಂದರೆ ಅದಕ್ಕೆ ರಿಪೇರಿ ಅನ್ನಬೇಡಿ, ಅದು ಹೊಸ ಪಿಸಿ. ಆಗ ಹಳತರಿಂದ ಕ್ಯಾಬಿನೆಟ್ಟು, ಎಸ್‌ಎಸ್‌ಡಿ, ಕಾರ್ಡು ಉಳಿಸಿಕೊಂಡು ಮುಂದೆ ಹೋಗಿ.

ವಿಂಡೋಸ್ ತಲೆನೋವು

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಇಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಯೋಜನೆಗೆ 2026ರ ಅಕ್ಟೋಬರ್ 13 ಅಂತ ಗಡುವು ಕೊಟ್ಟರು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಘಟಕ) ಬೇಕು, ಪ್ರೊಸೆಸರ್ ಹೆಚ್ಚುಕಡಿಮೆ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿ ಮತ್ತು ಮೇಲಿನದ್ದು ಆಗಿರಬೇಕು. ನನ್ನ 1600 ಪಟ್ಟಿಯಲ್ಲಿ ಇಲ್ಲ. 5600ಕ್ಕೆ ಹೋಗೋಕೆ ಇದೂ ಒಂದು ನೆಪ ಆಯಿತು.

ಟಿಪಿಎಂ ಇಲ್ಲ ಅಂತ ಬಂದರೆ ಕೂಡಲೇ ಕೈಚೆಲ್ಲಬೇಡಿ. ಬಹಳ ಸಲ ಅದು ಪಿಸಿಯೊಳಗೇ ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಎಎಂಡಿಯಲ್ಲಿ ಎಫ್‌ಟಿಪಿಎಂ, ಇಂಟೆಲ್‌ನಲ್ಲಿ ಪಿಟಿಟಿ ಅಂತ ಹುಡುಕಿ. ಹಳೇ ಪಿಸಿಯ ಡಿಸ್ಕ್ ಎಂಬಿಆರ್ (ಡಿಸ್ಕ್ ಭಾಗ ಮಾಡುವ ಹಳೇ ಪದ್ಧತಿ) ಮಾದರಿಯಲ್ಲಿ ಇದ್ದರೆ ಮೊದಲು ಬ್ಯಾಕಪ್ ಮಾಡಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಇಂದ ಬದಲಿಸಿ, ಆಮೇಲೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೇ ಥರ ಬೂಟ್ ಆಗುವ ಸೆಟ್ಟಿಂಗ್) ಆಫ್ ಮಾಡಿ, ಕೊನೆಗೆ ಸೆಕ್ಯೂರ್ ಬೂಟ್ ಆನ್ ಮಾಡಿ. ಸಾಲು ತಪ್ಪಿಸಿದರೆ ಪಿಸಿ ಬೂಟ್ ಆಗದೆ ಕೂರುತ್ತದೆ. ವ್ಯಾಲೊರೆಂಟ್ ಆಡುವವರಿಗೆ ವಿಂಡೋಸ್ 11ರಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಬೇಕು.

ಪ್ರೊಸೆಸರ್ ಒಪ್ಪಲೇ ಇಲ್ಲ, ಬದಲಿಸೋಕೂ ಆಗೋದಿಲ್ಲ ಅಂದರೆ ಲಿನಕ್ಸ್ ಇದೆ. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸೋಕೆ ವಾಲ್ವ್ 2018ರಲ್ಲಿ ತಂದ ಪ್ರೋಟಾನ್‌ನಿಂದ ಸ್ಟೀಮ್‌ನ ಗೇಮ್‌ಗಳಲ್ಲಿ ದೊಡ್ಡ ಪಾಲು ಅಲ್ಲಿ ಓಡುತ್ತವೆ. ಒಬ್ಬರೇ ಆಡುವ ಗೇಮ್‌ಗಳಿಗೆ ಧಾರಾಳ ಸಾಕು. ವ್ಯಾಲೊರೆಂಟ್, ಫೋರ್ಟ್‌ನೈಟ್ ಮಾತ್ರ ಆಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಕಾರಣಕ್ಕೆ ಓಡೋದಿಲ್ಲ. ತಮ್ಮನ ಪಿಸಿಯಲ್ಲಿ ಲಿನಕ್ಸ್ ಹಾಕೋಣ ಅಂದರೆ ಅವನು ಒಪ್ಪದೆ ಇರೋದು ಇದೇ ಕಾರಣಕ್ಕೆ.

ಕೊನೆಗೊಂದು ಸಣ್ಣ ಅಭ್ಯಾಸ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳದ ಒಳಭಾಗಕ್ಕೆ ನಾನೊಂದು ಚೀಟಿ ಅಂಟಿಸಿದ್ದೇನೆ. ಪೇಸ್ಟ್ ಹಾಕಿದ ತಾರೀಕು, ಬ್ಯಾಟರಿ ಬದಲಿಸಿದ ತಾರೀಕು, ಧೂಳು ತೆಗೆದ ದಿನ, ಅವತ್ತು ಅರ್ಧ ಗಂಟೆ ಆಡಿದ ಮೇಲೆ ಇದ್ದ ಬಿಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಅದೇ ಗೇಮ್, ಅದೇ ಜಾಗ, ಅರ್ಧ ಗಂಟೆ. ಚೀಟಿಯಲ್ಲಿ ಇರುವುದಕ್ಕಿಂತ ಹತ್ತು ಡಿಗ್ರಿ ಮೇಲೆ ಹೋಗಿದ್ದರೆ ಬ್ರಷ್ ಹಿಡಿದು ಹೊರಗೆ ಹೋಗುತ್ತೇನೆ.